ಸವೆತವೋ ಹಿಗ್ಗೋ: 18×64 ಗಣಿ ಸರಪಳಿಗಾಗಿ ಎಳೆತ ಪರೀಕ್ಷೆಯ ಚೌಕಟ್ಟು ಕಟ್ಟಿದ ದಾಖಲೆ

ಗೋದಾವರಿ ಕಣಿವೆಯ ಕಲ್ಲಿದ್ದಲು ಗಣಿಗಳಲ್ಲಿ ಸೈಡ್ ಡಿಸ್ಚಾರ್ಜ್ ಲೋಡರ್ (ಬದಿಗೆ ಸುರಿಯುವ ಯಂತ್ರ) ತುಂಬಿ ತಂದ ಕಲ್ಲಿದ್ದಲನ್ನು ಬೆಲ್ಟ್ ಕನ್ವೇಯರಿನವರೆಗೆ ಎಳೆದೊಯ್ಯುವುದು ಹಗುರ ಚೈನ್ ಕನ್ವೇಯರ್. ಉಕ್ಕಿನ ಪ್ಯಾನುಗಳ ಎರಡು ಅಂಚಿನಲ್ಲಿ ಎರಡು ಸರಪಳಿಗಳು ಓಡುತ್ತವೆ, ಅವುಗಳ ನಡುವೆ ಅಡ್ಡಲಾಗಿ, ಕಲ್ಲಿದ್ದಲನ್ನು ತಳ್ಳುವ ಫ್ಲೈಟ್ ಎಂಬ ಉಕ್ಕಿನ ಪಟ್ಟಿಗಳು ಕೂರುತ್ತವೆ. ನಾನು ಕೆಲಸ ಮಾಡುವ ವರ್ಕ್‌ಶಾಪಿಗೆ ಇಂಥ ಒಂದು ಕನ್ವೇಯರಿನ ದೂರು ಬಂದಿತ್ತು: ಫ್ಲೈಟುಗಳು ಒಂದು ಕಡೆ ಓರೆಯಾಗಿ ಓಡುತ್ತಿವೆ, ಬಲಗಡೆಯ ಸರಪಳಿ ಸ್ಪ್ರಾಕೆಟಿನ (ಸರಪಳಿಯನ್ನು ಓಡಿಸುವ ಹಲ್ಲುಚಕ್ರದ) ಹಲ್ಲಿನ ಮೇಲೆ ಹತ್ತಿ ಜಿಗಿಯುತ್ತಿದೆ. ರಿಜಿಸ್ಟರಿನಲ್ಲಿ ಕಾರಣದ ಅಂಕಣದಲ್ಲಿ ‘ಸರಪಳಿ ಉದ್ದವಾಗಿದೆ’ ಎಂದಷ್ಟೇ ಬರೆದಿತ್ತು.

ಉದ್ದವಾಗಿದೆ ಎಂಬುದು ಲಕ್ಷಣವೇ ಹೊರತು ಕಾರಣವಲ್ಲ. ಗಣಿ ಸರಪಳಿ ಎರಡು ದಾರಿಯಲ್ಲಿ ಉದ್ದವಾಗಬಹುದು. ಒಂದು, ಕೊಂಡಿಗೆ ಕೊಂಡಿ ತಾಗುವ ಒಳಬಾಗಿನಲ್ಲಿ ಉಕ್ಕು ಸವೆದು ಪಿಚ್ ಹೆಚ್ಚುವುದು. ಇನ್ನೊಂದು, ಮಿತಿಮೀರಿದ ಎಳೆತಕ್ಕೆ ಸಿಕ್ಕಿ ಕೊಂಡಿಯೇ ಶಾಶ್ವತವಾಗಿ ಹಿಗ್ಗುವುದು. ಮೊದಲನೆಯದು ಕಾಲಕ್ರಮದ ಸಹಜ ಕ್ಷಯ. ಎರಡನೆಯದು ನಡೆದುಹೋದ ಒಂದು ಘಟನೆಯ ಗುರುತು, ಆ ಘಟನೆಯ ಕಾರಣವನ್ನು ಹುಡುಕದೆ ಸರಪಳಿಯನ್ನಷ್ಟೇ ಬದಲಿಸಿದರೆ ಹೊಸ ಸರಪಳಿಗೂ ಅದೇ ಗತಿ. ಇವೆರಡನ್ನು ಬೇರ್ಪಡಿಸಿ ನೋಡಬೇಕು, ಉಳಿದಿರುವ ಬಲ ಎಷ್ಟೆಂದು ಕಣ್ಣಾರೆ ಕಾಣಬೇಕು ಎಂಬ ಕಾರಣಕ್ಕೆ ವರ್ಕ್‌ಶಾಪಿನಲ್ಲೇ ಒಂದು ಎಳೆತ ಪರೀಕ್ಷೆಯ ಚೌಕಟ್ಟನ್ನು ಕಟ್ಟಿದೆವು. ಅದರ ವಿವರ ಮುಂದಿನದು.

ಸರಪಳಿಯ ಬಗ್ಗೆ

18×64 ಎಂದರೆ 18 ಮಿಲಿಮೀಟರ್ ವ್ಯಾಸದ ಸರಳಿನಿಂದ ಮಾಡಿದ, 64 ಮಿಲಿಮೀಟರ್ ಪಿಚ್ ಇರುವ ಕೊಂಡಿ. ಪಿಚ್ ಎಂದರೆ ಇಲ್ಲಿ ಕೊಂಡಿಯ ಒಳ ಉದ್ದವೇ. ಜರ್ಮನಿಯ ಡಿಐಎನ್ 22252 ಮತ್ತು ಅಂತರರಾಷ್ಟ್ರೀಯ ಐಎಸ್‌ಒ 610 ಮಾನಕಗಳು ಈ ಬಗೆಯ ದುಂಡು ಸರಳಿನ ಕೊಂಡಿಯ ಗಣಿ ಸರಪಳಿಗಳಿಗೆಂದೇ ಇವೆ. ಈ ಅಳತೆಯ ಸಿ ದರ್ಜೆಯ ಸರಪಳಿ ಕನಿಷ್ಠ 410 ಕಿಲೋನ್ಯೂಟನ್ ಎಳೆತದವರೆಗೆ ತುಂಡಾಗಬಾರದು. ಪರೀಕ್ಷಾ ಬಲ 330 ಕಿಲೋನ್ಯೂಟನ್, ಆ ಬಲದಲ್ಲಿ ಹಿಗ್ಗು 1.6% ಮೀರಬಾರದು, ತುಂಡಾಗುವ ಹೊತ್ತಿಗೆ ಒಟ್ಟು ಹಿಗ್ಗು ಕನಿಷ್ಠ 14% ಇರಬೇಕು. ಒಂದು ಕೊಂಡಿಯ ಎರಡು ಕಾಲುಗಳೂ (ಉದ್ದದ ನೇರ ಬದಿಗಳು) ಸೇರಿ ಭಾರ ಹೊರುವುದರಿಂದ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 509 ಚದರ ಮಿಲಿಮೀಟರ್ ಆಗುತ್ತದೆ. 410 ಕಿಲೋನ್ಯೂಟನನ್ನು ಇದರಿಂದ ಭಾಗಿಸಿದರೆ ಚದರ ಮಿಲಿಮೀಟರಿಗೆ 800 ನ್ಯೂಟನ್ ಬರುತ್ತದೆ, ಸಿ ದರ್ಜೆಯ ಅರ್ಥವೇ ಅದು.

ಈ ಬಲಕ್ಕೆ ಹಿಂದೆ ಇರುವುದು ಮ್ಯಾಂಗನೀಸ್, ನಿಕಲ್, ಮಾಲಿಬ್ಡಿನಂ ಮತ್ತು ಕ್ರೋಮಿಯಂ ಬೆರೆತ ಉಕ್ಕು. ಇಂಗಾಲ 0.20ರಿಂದ 0.26%ರೊಳಗೆ ಇರುತ್ತದೆ, ಅದಕ್ಕಿಂತ ಹೆಚ್ಚಾದರೆ ಬೆಸುಗೆಯ ಜಾಗ ಪೆಡಸಾಗುತ್ತದೆ. ಸರಳನ್ನು ತುಂಡರಿಸಿ, ಬಾಗಿಸಿ, ಒಂದು ಕಾಲಿನ ನಡುವೆ ಫ್ಲ್ಯಾಶ್ ಬಟ್ ಬೆಸುಗೆಯಿಂದ ಕೂಡಿಸಿ, ಉಬ್ಬಿದ ಅಂಚನ್ನು ಕತ್ತರಿಸಿ, ಆಮೇಲೆ ಇಡೀ ಸರಪಳಿಯನ್ನು ಕಾಯಿಸಿ ತಣಿಸಿ ಹದ ಮಾಡುತ್ತಾರೆ. ಕೊನೆಯಲ್ಲಿ ಕಾರ್ಖಾನೆಯಲ್ಲೇ ಸರಪಳಿಯನ್ನು ಯೀಲ್ಡ್ ಬಿಂದು (ದಾಟಿದರೆ ಉಕ್ಕು ಮೊದಲಿನ ಉದ್ದಕ್ಕೆ ಮರಳದ ಮಿತಿ) ದಾಟುವಷ್ಟು ಎಳೆದು ಬಿಡುತ್ತಾರೆ. ಕ್ಯಾಲಿಬ್ರೇಷನ್ ಎಂದು ಕರೆಯುವ ಈ ಕೊನೆಯ ಹಂತ ನಮ್ಮ ಕಥೆಯಲ್ಲಿ ಮುಖ್ಯ ಪಾತ್ರ ವಹಿಸುವುದರಿಂದ ಸ್ವಲ್ಪ ವಿವರಿಸುತ್ತೇನೆ.

ಸರಪಳಿಯನ್ನು ಎಳೆದಾಗ ಕೊಂಡಿಯೊಳಗೆ ಬರಿಯ ಎಳೆತವಿರುವುದಿಲ್ಲ, ಬಾಗೂ ಇರುತ್ತದೆ. ಅಂಡಾಕಾರದ ಕೊಂಡಿ ಇನ್ನಷ್ಟು ನೀಳವಾಗಲು ಹವಣಿಸುತ್ತದೆ. ಆಗ ತುದಿಯ ಬಾಗು ಇನ್ನಷ್ಟು ಬಿಗಿಯಾಗಿ ಬಾಗುವುದರಿಂದ ಅದರ ಹೊರಮೈ ಎಳೆತಕ್ಕೂ ಒಳಮೈ ಒತ್ತಿಗೂ ಒಳಗಾಗುತ್ತದೆ. ಕಾಲುಗಳು ಒಳಮುಖವಾಗಿ ವಾಲುವುದರಿಂದ ಅವುಗಳ ಒಳಮೈಯಲ್ಲಿ ಎಳೆತ ಹೆಚ್ಚಿ, ಹೊರಮೈಯಲ್ಲಿ ಕಡಿಮೆಯಾಗುತ್ತದೆ. ನೇರ ಕಾಲು ಮುಗಿದು ಬಾಗು ಆರಂಭವಾಗುವ ಭುಜದ ಒಳಮೈಯಲ್ಲಿ ಸ್ಟ್ರೆಸ್ (ಚದರ ಮಿಲಿಮೀಟರಿಗೆ ಇಷ್ಟು ನ್ಯೂಟನ್ ಎಂದು ಎಣಿಸುವ ಬಲ) ಲೆಕ್ಕದ ಸರಾಸರಿಗಿಂತ ಬಹಳ ಮೇಲೇರುತ್ತದೆ, ಬಳಕೆಯಲ್ಲಿ ದಣಿವಿನ ಬಿರುಕು ಹೆಚ್ಚಾಗಿ ಹುಟ್ಟುವುದೂ ಅಲ್ಲೇ. ಕಾರ್ಖಾನೆಯಲ್ಲಿ ಮೊದಲ ಬಾರಿ ಜೋರಾಗಿ ಎಳೆದಾಗ ಈ ಭುಜದ ಒಳಮೈ ಸ್ವಲ್ಪ ಮಣಿಯುತ್ತದೆ. ಎಳೆತ ಬಿಟ್ಟಾಗ ಸುತ್ತಲಿನ ಉಕ್ಕು ಹಿಂದಕ್ಕೆ ಸರಿಯುತ್ತಾ ಮಣಿದ ಭಾಗವನ್ನು ಒತ್ತಿ ಹಿಡಿಯುತ್ತದೆ. ಮುಂದೆ ಗಣಿಯಲ್ಲಿ ಎಷ್ಟೇ ಎಳೆತ ಬಂದರೂ ಮೊದಲು ಆ ಒತ್ತನ್ನು ಕಳೆದ ಮೇಲೆಯೇ ಅಲ್ಲಿ ನಿಜವಾದ ಎಳೆತ ಆರಂಭವಾಗುತ್ತದೆ. ಸರಪಳಿಯ ಆಯುಸ್ಸಿನ ದೊಡ್ಡ ಪಾಲು ಈ ಅಡಗಿದ ಒತ್ತಿನಲ್ಲಿದೆ. ಗ್ಯಾಸ್ ಜ್ವಾಲೆಯಿಂದ ಕೊಂಡಿಯನ್ನು ಕಾಯಿಸಿ ನೆಟ್ಟಗೆ ಮಾಡುವುದು, ಫ್ಲೈಟ್ ಬೆಸೆಯುವಾಗ ಎಲೆಕ್ಟ್ರೋಡನ್ನು ಸರಪಳಿಗೆ ತಾಗಿಸುವುದು ಎಷ್ಟು ಅಪಾಯವೆಂದು ಇದರಿಂದಲೇ ತಿಳಿಯುತ್ತದೆ. ಕಾಯಿಸಿದರೆ ಹದವೂ ಹೋಗುತ್ತದೆ, ಅಡಗಿದ ಒತ್ತೂ ಹೋಗುತ್ತದೆ. ಎಲೆಕ್ಟ್ರೋಡ್ ತಾಗಿದ ಚುಕ್ಕೆಯಲ್ಲಿ ಉಕ್ಕು ಒಮ್ಮೆಲೇ ಕಾದು ಒಮ್ಮೆಲೇ ತಣಿದು ಗಾಜಿನಂತೆ ಪೆಡಸಾಗಿ ಬಿರುಕಿಗೆ ದಾರಿ ತೆರೆಯುತ್ತದೆ.

ಕ್ಯಾಲಿಪರ್ ಹೇಳಿದ್ದು

ಸರಪಳಿಯನ್ನು ಮೇಲಕ್ಕೆ ತಂದು ತಂತಿ ಬ್ರಷ್ ಮತ್ತು ಡೀಸೆಲ್‌ನಿಂದ ತೊಳೆದೆವು. ತುಕ್ಕು ತೆಗೆಯಲು ಆಮ್ಲವನ್ನು ಬಳಸಲೇಬಾರದು, ಇಷ್ಟು ಬಲದ ಉಕ್ಕಿನೊಳಗೆ ಹೈಡ್ರೋಜನ್ ಹೊಕ್ಕರೆ ಅದು ಎಚ್ಚರಿಕೆಯಿಲ್ಲದೆ ಒಡೆಯುವ ಸ್ಥಿತಿಗೆ ಬರುತ್ತದೆ. ನಂತರ ಸರಪಳಿಯನ್ನು ನೆಲದ ಮೇಲೆ ಬಿಗಿಯಾಗಿ ಎಳೆದು ಕಟ್ಟಿ, ಎಡಬಲ ಎರಡನ್ನೂ ಉದ್ದಕ್ಕೂ ಅಳೆದೆವು.

ಸವೆತವನ್ನೂ ಹಿಗ್ಗನ್ನೂ ಬೇರ್ಪಡಿಸಲು ದುಬಾರಿ ಉಪಕರಣ ಬೇಡ, ಮೂರು ಅಳತೆ ಸಾಕು. ಒಂದು, ಪಿಚ್. ಎರಡು, ಎರಡು ಕೊಂಡಿ ಕೂಡುವ ಜಾಗದ ಒಟ್ಟು ದಪ್ಪ, ಹೊಸದರಲ್ಲಿ 18 ಮತ್ತು 18 ಸೇರಿ 36 ಮಿಲಿಮೀಟರ್. ಮೂರು, ಒಂದೊಂದೇ ಕೊಂಡಿಯ ಹೊರ ಉದ್ದ, ಹೊಸದರಲ್ಲಿ 64 ಮತ್ತು 36 ಸೇರಿ 100 ಮಿಲಿಮೀಟರ್. ಸವೆತ ನಡೆಯುವುದು ಕೊಂಡಿಯ ಒಳಗೆ, ಆದ್ದರಿಂದ ಅದು ಹೊರ ಉದ್ದವನ್ನು ಮುಟ್ಟುವುದಿಲ್ಲ. ಕೂಡುವ ಜಾಗದಲ್ಲಿ ಎಷ್ಟು ದಪ್ಪ ಕಡಿಮೆಯಾಗಿದೆಯೋ ಅಷ್ಟೇ ಪಿಚ್ ಹೆಚ್ಚುತ್ತದೆ. ಹೊರ ಉದ್ದ ಹೆಚ್ಚಿದ್ದರೆ ಅದಕ್ಕೆ ಒಂದೇ ಕಾರಣ, ಕೊಂಡಿ ಹಿಗ್ಗಿದೆ. ಇಲ್ಲಿ ಒಂದು ಎಚ್ಚರ ಬೇಕು. ಅಡ್ಡಲಾಗಿ ಮಲಗಿ ಓಡುವ ಕೊಂಡಿಗಳ ತುದಿಯ ಹೊರಮೈಯನ್ನು ಸ್ಪ್ರಾಕೆಟಿನ ಗೂಡು ತಳ್ಳುವುದರಿಂದ ಅಲ್ಲಿ ಹೊರಗೂ ಉಜ್ಜಿರುತ್ತದೆ, ಹೊರ ಉದ್ದವನ್ನು ನಿಂತು ಓಡುವ ಕೊಂಡಿಗಳಲ್ಲೇ ಅಳೆಯಬೇಕು. ಹೋಲಿಕೆಯನ್ನು ಪುಸ್ತಕದ 100 ಮಿಲಿಮೀಟರಿಗೆ ಮಾಡದೆ, ಸ್ಟೋರಿನಲ್ಲಿ ಉಳಿದಿರುವ ಅದೇ ಲಾಟಿನ ಹೊಸ ಕೊಂಡಿಗೆ ಮಾಡುವುದು ಒಳ್ಳೆಯದು.

ಎಡ ಸರಪಳಿಯಲ್ಲಿ ಪಿಚ್ ಸುಮಾರು 65.1 ಮಿಲಿಮೀಟರ್ ಇತ್ತು, ಕೂಡುವ ಜಾಗದ ದಪ್ಪ 34.9, ಹೊರ ಉದ್ದ ಹೊಸ ಕೊಂಡಿಯದೇ. ಅಂದರೆ 1.7% ಉದ್ದಕ್ಕೆ ಪೂರ್ತಿ ಸವೆತವೇ ಕಾರಣ. ಬಲ ಸರಪಳಿಯ ಹೆಚ್ಚಿನ ಭಾಗವೂ ಹೀಗೆಯೇ ಇತ್ತು. ಆದರೆ ಒಂದೆಡೆ ಸುಮಾರು 3 ಮೀಟರ್ ಉದ್ದದ ಒಂದು ತುಣುಕಿನಲ್ಲಿ ಮಾತ್ರ ಪಿಚ್ 65.9ಕ್ಕೆ ಏರಿತ್ತು. ಅಲ್ಲಿಯೂ ಕೂಡುವ ಜಾಗದ ದಪ್ಪ 34.9 ಮಿಲಿಮೀಟರೇ. ಹೊರ ಉದ್ದ ಮಾತ್ರ 100.8. ಕಾಲುಗಳ ನಡುವಿನ ಅಂತರ ಹೊಸ ಕೊಂಡಿಯದಕ್ಕೆ ಹೋಲಿಸಿದರೆ ಅರ್ಧ ಮಿಲಿಮೀಟರಿಗಿಂತಲೂ ಹೆಚ್ಚಾಗಿ ಕುಗ್ಗಿತ್ತು. ಹಿಗ್ಗುವ ಕೊಂಡಿ ಉದ್ದವಾಗುತ್ತಾ ಸೊಂಟ ಬಿಗಿದುಕೊಳ್ಳುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಇನ್ನೂ ಹೆಚ್ಚು ಹಿಗ್ಗಿದ್ದರೆ ಕಾಲುಗಳು ಪಕ್ಕದ ಕೊಂಡಿಯನ್ನು ಕಚ್ಚಿ ಹಿಡಿದು, ಸರಪಳಿ ಮಡಚದೆ ಸೆಟೆದು ನಿಲ್ಲುತ್ತಿತ್ತು.

ಪ್ರತಿ ಕೊಂಡಿಗೆ 0.8 ಮಿಲಿಮೀಟರ್ ಎಂದರೆ 3 ಮೀಟರಿನಲ್ಲಿ ಸುಮಾರು 37 ಮಿಲಿಮೀಟರ್. ಎಡಬಲ ಸರಪಳಿಗಳ ನಡುವೆ ಇಷ್ಟು ವ್ಯತ್ಯಾಸವಾದರೆ ಫ್ಲೈಟ್ ಓರೆಯಾಗದೆ ಇರಲು ಸಾಧ್ಯವಿಲ್ಲ. ಬಲಗಡೆ ಸಡಿಲವಾದಷ್ಟೂ ಭಾರವನ್ನು ಎಡ ಸರಪಳಿ ಒಂಟಿಯಾಗಿ ಹೊರುತ್ತದೆ. ದೂರು ಬಲಗಡೆಯದಾದರೂ ಮುಂದೆ ತುಂಡಾಗುವ ಅಪಾಯ ಎಡಗಡೆಯದೇ ಹೆಚ್ಚು.

ಚೌಕಟ್ಟು

ಎರಡು 250 ಮಿಲಿಮೀಟರ್ ಐಎಸ್‌ಎಂಸಿ ಚಾನೆಲುಗಳನ್ನು (ಸಿ ಆಕಾರದ ಉಕ್ಕಿನ ತೊಲೆಗಳನ್ನು) ನೆಲಕ್ಕೆ ಸಮಾನಾಂತರವಾಗಿ 150 ಮಿಲಿಮೀಟರ್ ಅಂತರದಲ್ಲಿ ಮಲಗಿಸಿ, ಎರಡು ತುದಿಗೂ 80 ಮಿಲಿಮೀಟರ್ ದಪ್ಪದ ಉಕ್ಕಿನ ಹಲಗೆ ಕೂರಿಸಿದೆವು. ಸರಪಳಿ ನಡುವಿನ ಸಂದಿನಲ್ಲಿ ಎಳೆಸಿಕೊಂಡರೆ ಚಾನೆಲುಗಳು ಒತ್ತಿಗೆ ಸಿಗುತ್ತವೆ. ಎರಡೂ ಸೇರಿ ಸುಮಾರು 7,700 ಚದರ ಮಿಲಿಮೀಟರ್ ಇರುವುದರಿಂದ 410 ಕಿಲೋನ್ಯೂಟನಿಗೆ ಅವುಗಳಲ್ಲಿ ಬರುವ ಸ್ಟ್ರೆಸ್ 53 ಮಾತ್ರ. ಸೊಟ್ಟಗಾಗದಂತೆ ಮೇಲೆ ಕೆಳಗೆ ಪಟ್ಟಿಗಳನ್ನು ಬೆಸೆದು ಎರಡನ್ನೂ ಕೂಡಿಸಿದೆವು. ಒಂದು ತುದಿಯ ಹಲಗೆಯ ಹೊರಗೆ ನಡುವೆ ತೂತಿರುವ 60 ಟನ್ನಿನ ಹೈಡ್ರಾಲಿಕ್ ಸಿಲಿಂಡರ್, ತೂತಿನೊಳಗಿಂದ ಇಎನ್ 24 ಎಂಬ ಗಟ್ಟಿ ಮಿಶ್ರಲೋಹದ ಉಕ್ಕಿನ ಎಳೆಯುವ ಸರಳು. ಸಿಲಿಂಡರಿನ ವಿಸ್ತೀರ್ಣ 82.3 ಚದರ ಸೆಂಟಿಮೀಟರ್ ಇರುವುದರಿಂದ 410 ಕಿಲೋನ್ಯೂಟನಿಗೆ ಬೇಕಾಗುವ ಒತ್ತಡ 500 ಬಾರ್‌ನ ಹತ್ತಿರ. ಅದಕ್ಕೆ 700 ಬಾರ್‌ನ ಕೈಪಂಪು ಸಾಕು. ಕೈಪಂಪಿಗೆ ಇನ್ನೊಂದು ಗುಣವಿದೆ: ಸರಪಳಿ ಮಣಿಯತೊಡಗಿದ ಕ್ಷಣ ಹಿಡಿಕೆಯ ಪ್ರತಿರೋಧ ಬದಲಾಗುವುದು ಕೈಗೆ ಗೊತ್ತಾಗುತ್ತದೆ.

ಹೆಚ್ಚು ಯೋಚನೆ ಬೇಡಿದ್ದು ಸರಪಳಿಯನ್ನು ಹಿಡಿಯುವ ಬಗೆ. ಕೊನೆಯ ಕೊಂಡಿಯೊಳಗೆ ದುಂಡು ಪಿನ್ ತೂರಿಸಿ ಎಳೆಯುವುದು ಸುಲಭವೆಂದು ತೋರುತ್ತದೆ. ಆದರೆ 18 ಮಿಲಿಮೀಟರ್ ಪಿನ್ ಎರಡು ಕಡೆ ಕತ್ತರಿಸಿಕೊಂಡರೂ 410 ಕಿಲೋನ್ಯೂಟನಿಗೆ ಅದರಲ್ಲಿ ಚದರ ಮಿಲಿಮೀಟರಿಗೆ 800 ನ್ಯೂಟನಿಗೂ ಮೀರಿದ ಕತ್ತರಿ ಸ್ಟ್ರೆಸ್ ಬರುತ್ತದೆ, ಜೊತೆಗೆ ಬಾಗೂ ಸೇರುತ್ತದೆ. ಅಂದರೆ ಸರಪಳಿಗಿಂತ ಮೊದಲು ಪಿನ್ನೇ ಹೋಗುತ್ತದೆ. ಕೊಂಡಿಯ ಒಳ ಅಗಲ ಮಾನಕದ ಪ್ರಕಾರ ಕನಿಷ್ಠ 21 ಮಿಲಿಮೀಟರ್, ಹಾಗಾಗಿ ಪಿನ್ನನ್ನು ದಪ್ಪ ಮಾಡಲೂ ಜಾಗವಿಲ್ಲ. ಆದರೆ ಎಳೆಯುವ ದಿಕ್ಕಿನಲ್ಲಿ ಜಾಗವಿದೆ: 64 ಮಿಲಿಮೀಟರ್ ಒಳ ಉದ್ದದಲ್ಲಿ ಪಕ್ಕದ ಕೊಂಡಿಯ 18 ಹೋದರೂ 46 ಉಳಿಯುತ್ತದೆ. ಆದ್ದರಿಂದ ಪಿನ್ನನ್ನು ದುಂಡಗೆ ಮಾಡದೆ 20 ಮಿಲಿಮೀಟರ್ ಅಗಲ, 34 ಮಿಲಿಮೀಟರ್ ಆಳದ ನೀಳ ಅಡ್ಡಕೊಯ್ತದಲ್ಲಿ ಇಎನ್ 24ನಿಂದ ಕಡೆದು ಹದ ಮಾಡಿಸಿದೆವು. ಕತ್ತರಿ ಸ್ಟ್ರೆಸ್ 320ರ ಹತ್ತಿರಕ್ಕೆ ಇಳಿಯಿತು. ಕೊಂಡಿ ತಾಗುವ ಮೈಯನ್ನು ಕುದುರೆ ಜೀನಿನಂತೆ ಎರಡು ದಿಕ್ಕಿನಲ್ಲೂ ದುಂಡಗೆ ಉಜ್ಜಿ, ನಿಜವಾದ ಪಕ್ಕದ ಕೊಂಡಿ ತಾಗುವ ರೀತಿಯಲ್ಲೇ ಅದೂ ತಾಗುವಂತೆ ಮಾಡಿದೆವು. ಹಿಡಿಕೆಯ ಆಕಾರ ಬದಲಾದರೆ ಕೊನೆಯ ಕೊಂಡಿಯಲ್ಲಿ ಬಾಗು ಬದಲಾಗುತ್ತದೆ, ಕೊನೆಯ ಕೊಂಡಿ ತುಂಡಾದ ಪರೀಕ್ಷೆಯನ್ನು ನಂಬುವಂತಿಲ್ಲ. ಮಾದರಿಗೆ ಐದು ಕೊಂಡಿ ಇಟ್ಟುಕೊಂಡದ್ದೂ ನಡುವಿನ ಮೂರು ಕೊಂಡಿಗಳು ಹಿಡಿಕೆಯ ಪ್ರಭಾವದಿಂದ ದೂರವಿರಲಿ ಎಂದು.

ಬಲವನ್ನು ಒತ್ತಡದ ಗೇಜಿನಿಂದ ಓದಬಹುದು, ಆದರೆ ಸಿಲಿಂಡರಿನ ಸೀಲುಗಳ ಘರ್ಷಣೆ ಏರುವಾಗ ಗೇಜನ್ನು ಹೆಚ್ಚು ತೋರಿಸುತ್ತದೆ, ಇಳಿಸುವಾಗ ಕಡಿಮೆ ತೋರಿಸುತ್ತದೆ. ನಾವು ಹುಡುಕುತ್ತಿದ್ದ ವ್ಯತ್ಯಾಸಗಳು ಸಣ್ಣವಾದ್ದರಿಂದ ಸಿಲಿಂಡರಿಗೂ ನಟ್ಟಿಗೂ ನಡುವೆ ಬಲವನ್ನು ನೇರವಾಗಿ ಅಳೆಯುವ ಉಂಗುರದಾಕಾರದ ಲೋಡ್ ಸೆಲ್ ಸೇರಿಸಿದೆವು. ಉದ್ದವನ್ನು ಎಳೆಯುವ ಸರಳಿನ ಚಲನೆಯಿಂದ ಅಳೆಯಲಿಲ್ಲ. ಅದರಲ್ಲಿ ಚೌಕಟ್ಟು, ಸರಳು, ಹಿಡಿಕೆ ಎಲ್ಲದರ ಹಿಗ್ಗೂ ಸೇರಿಕೊಳ್ಳುತ್ತದೆ. ನಡುವಿನ ಮೂರು ಕೊಂಡಿಗಳ ಮೇಲೆ ಸೆಂಟರ್ ಪಂಚಿನಿಂದ ತೀರಾ ಹಗುರವಾದ ಗುರುತು ಹಾಕಿ, ಅವುಗಳಿಗೆ ಕಟ್ಟಿದ ಡಯಲ್ ಗೇಜಿನಿಂದ ಓದಿದೆವು. 350 ಕಿಲೋನ್ಯೂಟನ್ ದಾಟುವ ಮೊದಲು ಗೇಜನ್ನು ತೆಗೆದು, ಮುಂದೆ ದೂರದಿಂದ ಕ್ಯಾಮೆರಾದಲ್ಲಿ ಅಳತೆಪಟ್ಟಿಯನ್ನು ನೋಡಿದೆವು.

ಸುರಕ್ಷತೆಗೆ ಚೌಕಟ್ಟಿನ ಮೇಲೆ 12 ಮಿಲಿಮೀಟರ್ ತಗಡಿನ ಮುಚ್ಚಳ, ಒಳಗೆ ಹಳೆಯ ಕನ್ವೇಯರ್ ಬೆಲ್ಟಿನ ಅಸ್ತರು. 400 ಕಿಲೋನ್ಯೂಟನಿಗೆ ಎಳೆದ ಐದು ಕೊಂಡಿಯ ತುಂಡು ಮತ್ತು ಅದನ್ನು ಹಿಡಿದ ಸರಳುಗಳಲ್ಲಿ ಅಡಗಿರುವ ಶಕ್ತಿ 1 ಕಿಲೋಜೂಲಿನಷ್ಟು, ಎಂದರೆ 100 ಕಿಲೋ ತೂಕವನ್ನು 1 ಮೀಟರ್ ಎತ್ತರದಿಂದ ಬಿಟ್ಟಷ್ಟು. ತುಂಡಾದ ಕ್ಷಣ ಅದೆಲ್ಲ ಹೊರಬೀಳುತ್ತದೆ. ಪಂಪು ಹೊಡೆಯುವವರು ಚೌಕಟ್ಟಿನ ಉದ್ದದ ನೇರದಲ್ಲಿ ನಿಲ್ಲದೆ ಪಕ್ಕದ ಗೋಡೆಯ ಆಚೆ ನಿಲ್ಲುವಂತೆ ಹೋಸು ಉದ್ದ ಇಟ್ಟೆವು. ಇದರಲ್ಲಿ ಯಾವ ರಿಯಾಯಿತಿಯೂ ಸಲ್ಲದು.

ಎಳೆದಾಗ ಕಂಡದ್ದು

ಮೊದಲು ಸ್ಟೋರಿನ ಹೊಸ ತುಂಡನ್ನು ಎಳೆದೆವು. ಅದರ ನಡುವಿನ ಕೊಂಡಿಯ ಒಂದು ಕಾಲಿನ ಹೊರಮೈಗೂ ಒಳಮೈಗೂ ಸ್ಟ್ರೇನ್ ಗೇಜ್ (ಮೈಯ ಸೂಕ್ಷ್ಮ ಹಿಗ್ಗನ್ನು ಅಳೆಯುವ ತೆಳು ಪಟ್ಟಿ) ಅಂಟಿಸಿದ್ದೆವು. ಒಳಮೈಗೆ ಅಂಟಿಸುವುದು ತಾಳ್ಮೆಯ ಕೆಲಸ. 21 ಮಿಲಿಮೀಟರಿಗೆ ಸ್ವಲ್ಪ ಮೇಲ್ಪಟ್ಟ ಸಂದಿನಲ್ಲಿ ಎಮೆರಿ ಕಾಗದದಿಂದ ಉಜ್ಜಿ, ಅಸಿಟೋನಿನಿಂದ ಒರೆಸಿ, ಚಿಮ್ಮಟದಲ್ಲಿ ಹಿಡಿದ ಗೇಜನ್ನು ಕಾಲಿನ ಗೆರೆಗೆ ಸರಿಯಾಗಿ ಕೂರಿಸಿ ಒತ್ತಬೇಕು, ತಂತಿಗಳು ಪಕ್ಕದ ಕೊಂಡಿಗೆ ತಾಗದಂತೆ ಹೊರತರಬೇಕು. 100 ಕಿಲೋನ್ಯೂಟನಿಗೆ ಲೆಕ್ಕದ ಸರಾಸರಿ ಸ್ಟ್ರೆಸ್ 196, ಉಕ್ಕಿನ ಸ್ಥಿತಿಸ್ಥಾಪಕತೆಯ ಗುಣಾಂಕದಿಂದ ಭಾಗಿಸಿದರೆ ಸುಮಾರು 950 ಮೈಕ್ರೊಸ್ಟ್ರೇನ್, ಎಂದರೆ ಉದ್ದದ ಹತ್ತು ಲಕ್ಷದಲ್ಲಿ 950 ಪಾಲಿನ ಹಿಗ್ಗು. ಒಳಮೈ ಇದಕ್ಕಿಂತ ಬಹಳ ಮೇಲೆ ತೋರಿಸಿತು, ಹೊರಮೈ ಬಹಳ ಕೆಳಗೆ. ಎರಡರ ಸರಾಸರಿ ಮಾತ್ರ 950ರ ಆಸುಪಾಸಿನಲ್ಲೇ ಉಳಿಯಿತು. ಬಾಗಿನ ಪಾಲು ಒಂದಕ್ಕೊಂದು ಕಳೆದುಹೋಗಿ ಶುದ್ಧ ಎಳೆತ ಉಳಿಯಬೇಕಾದದ್ದು ಹೀಗೆಯೇ, ಲೋಡ್ ಸೆಲ್ ಸರಿಯಾಗಿ ಓದುತ್ತಿದೆ ಎಂಬುದಕ್ಕೂ ಇದೇ ಪ್ರಮಾಣವಾಯಿತು.

ಬಲವನ್ನು ಏರಿಸುತ್ತಾ ಹೋದಂತೆ, ಬಲಕ್ಕೆ ಎದುರಾಗಿ ಹಿಗ್ಗನ್ನು ಗುರುತಿಸಿದ ನಕ್ಷೆಯಲ್ಲಿ ಹೊಸ ಸರಪಳಿಯ ಗೆರೆ, ಕೊಂಡಿಗಳು ಒಂದಕ್ಕೊಂದು ಕೂತುಕೊಳ್ಳುವ ಆರಂಭದ ಸಣ್ಣ ಬಾಗನ್ನು ಬಿಟ್ಟರೆ 330ರ ಹತ್ತಿರದವರೆಗೂ ನೆಟ್ಟಗಿತ್ತು, ಅಲ್ಲಿಂದ ನಿಧಾನವಾಗಿ ಪಕ್ಕಕ್ಕೆ ಬಾಗಿತು. ಕಾರ್ಖಾನೆಯಲ್ಲಿ ಒಮ್ಮೆ ಎಳೆದ ಬಲದವರೆಗೆ ಸರಪಳಿ ರಬ್ಬರಿನ ಹಾಗೆ ಹೋಗಿ ಬರುತ್ತದೆ, ಅದನ್ನು ದಾಟಿದ ಮೇಲೆಯೇ ಹೊಸದಾಗಿ ಮಣಿಯುತ್ತದೆ. ಗೆರೆಯ ಆ ಮೊಣಕೈ ಸರಪಳಿ ಈ ಮೊದಲು ಕಂಡ ಅತಿ ಹೆಚ್ಚಿನ ಎಳೆತದ ದಾಖಲೆ. ಈ ಮಾತು ನನಗೆ ಪುಸ್ತಕದಿಂದ ಗೊತ್ತಿತ್ತು, ಆದರೆ ಅದು ಪತ್ತೇದಾರಿಯ ಸಾಧನವಾಗಬಲ್ಲದು ಎಂದು ಮನದಟ್ಟಾದದ್ದು ಹಿಗ್ಗಿದ ತುಂಡನ್ನು ಎಳೆದಾಗಲೇ. ಎಡ ಸರಪಳಿಯಿಂದ ತೆಗೆದ, ಸವೆದಷ್ಟೇ ಆಗಿದ್ದ ತುಂಡಿನ ಮೊಣಕೈ ಹೊಸದರ ಆಸುಪಾಸಿನಲ್ಲೇ ಬಂತು. ಬಲಗಡೆಯ ಹಿಗ್ಗಿದ ತುಂಡು ಮಾತ್ರ 370 ಕಿಲೋನ್ಯೂಟನಿನ ಹತ್ತಿರದವರೆಗೆ ನೆಟ್ಟಗೆ ಏರಿತು. ಎಂದರೆ ಆ 3 ಮೀಟರಿನಲ್ಲಿ ಯಾವುದೋ ಒಂದು ಹೊತ್ತಿನಲ್ಲಿ ಅಷ್ಟು ಎಳೆತ ಬಂದು ಹೋಗಿತ್ತು. ಮಾನಕದ ಪರೀಕ್ಷಾ ಬಲವನ್ನೂ ಮೀರಿದ ಎಳೆತ ಅದು.

ತುಂಡಾಗುವ ಬಲದಲ್ಲಿ ಮೂರಕ್ಕೂ ನಡುವೆ ದೊಡ್ಡ ಅಂತರ ಇರಲಿಲ್ಲ. ಹೊಸದು 410ನ್ನು ಆರಾಮವಾಗಿ ದಾಟಿತು, ಹಿಗ್ಗಿದ್ದೂ ದಾಟಿತು, ಸವೆದದ್ದು ಸ್ವಲ್ಪ ಕೆಳಗೆ ಉಳಿಯಿತು. ವ್ಯತ್ಯಾಸ ಇದ್ದದ್ದು ಮುರಿಯುವ ಮೊದಲು ಉಳಿದಿದ್ದ ಹಿಗ್ಗಿನಲ್ಲಿ. ಹಿಗ್ಗಿದ ತುಂಡು ತನ್ನ ಪಾಲಿನ ಹಿಗ್ಗಿನಲ್ಲಿ ಒಂದು ಭಾಗವನ್ನು ಗಣಿಯಲ್ಲೇ ಖರ್ಚು ಮಾಡಿಕೊಂಡು ಬಂದಿತ್ತು. ಬಲ ಮಾತ್ರ ನೋಡಿದ್ದರೆ ಈ ಸರಪಳಿ ಚೆನ್ನಾಗಿದೆ ಎಂದು ವಾಪಸು ಕಳುಹಿಸಬಹುದಿತ್ತು. ನನ್ನ ಅಭಿಪ್ರಾಯದಲ್ಲಿ ಗಣಿ ಸರಪಳಿಯ ಪರೀಕ್ಷಾ ವರದಿಯಲ್ಲಿ ಮೊದಲು ನೋಡಬೇಕಾದ ಅಂಕಿ ಮುರಿಯುವ ಬಲವಲ್ಲ, ಮುರಿಯುವಾಗಿನ ಹಿಗ್ಗು. ಹದ ಕೆಟ್ಟು ಪೆಡಸಾದ ಸರಪಳಿ ಹೆಚ್ಚು ಬಲವನ್ನೇ ತೋರಿಸಬಹುದು, ಆದರೆ ಎಚ್ಚರಿಕೆ ಕೊಡದೆ ಒಡೆಯುತ್ತದೆ.

ಹೊಸ ತುಂಡಿನಲ್ಲಿ ಮುರಿದ ಕೊಂಡಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ಓದುವುದಕ್ಕೆ ಬಹಳವಿದೆ. ಭುಜದ ಬಳಿ ಸರಳು ಸಣ್ಣಗಾಗಿ ಕತ್ತು ಹಿಡಿದಿದೆ. ಮುರಿದ ಮೈ ನಡುವೆ ಬೂದು ಬಣ್ಣದ ನಾರುನಾರಾದ ಹೊಂಡ, ಅಂಚಿನಲ್ಲಿ ಓರೆಯಾದ ನುಣುಪು ತುಟಿ. ಮೈಮೇಲಿನ ಕಪ್ಪು ಪೊರೆ ಕಾಲಿನ ಒಳಗಡೆ ಸಣ್ಣ ಸಣ್ಣ ಅಡ್ಡ ಗೆರೆಗಳಾಗಿ ಉದುರಿದೆ, ಹೊರಗಡೆ ಬಹುಪಾಲು ಹಾಗೆಯೇ ಉಳಿದಿದೆ. ಎಲ್ಲಿ ಹೆಚ್ಚು ಮಣಿಯಿತು ಎಂಬ ನಕ್ಷೆ ಪೊರೆಯ ಮೇಲೆಯೇ ಬರೆದಿದೆ. ದಣಿವಿನಿಂದ ಮುರಿದ ಕೊಂಡಿಯ ಮೈ ಹೀಗಿರುವುದಿಲ್ಲ. ಅಲ್ಲಿ ಒಂದು ಚುಕ್ಕೆಯಿಂದ ಹೊರಟ ಅರೆವೃತ್ತದ ಗೆರೆಗಳು ನುಣುಪಾಗಿ ಹಬ್ಬಿ, ಉಳಿದ ಸ್ವಲ್ಪ ಭಾಗ ಮಾತ್ರ ಒರಟಾಗಿ ಒಡೆದಿರುತ್ತದೆ, ಕತ್ತು ಹಿಡಿದಿರುವುದಿಲ್ಲ.

ಕಾರಣ

370 ಕಿಲೋನ್ಯೂಟನ್ ಎಲ್ಲಿಂದ ಬಂತು? ಕನ್ವೇಯರಿನ ಮೋಟರು 37 ಕಿಲೋವ್ಯಾಟ್, ಸರಪಳಿಯ ವೇಗ ಸೆಕೆಂಡಿಗೆ 0.6 ಮೀಟರ್. ಪೂರ್ತಿ ಭಾರದಲ್ಲೂ ಎರಡು ಸರಪಳಿಗೆ ಸೇರಿ ಎಳೆತ ಸುಮಾರು 62 ಕಿಲೋನ್ಯೂಟನ್. ಎಲ್ಲವೂ ನಿಂತುಹೋಗಿ ಮೋಟರು ತನ್ನ ಎರಡೂವರೆ ಪಟ್ಟು ಬಲ ಹಾಕಿ, ಅದಷ್ಟೂ ಒಂದೇ ಸರಪಳಿಗೆ ಬಿದ್ದರೂ 155ರ ಹತ್ತಿರ ಆಗಬೇಕು. ಉಳಿದದ್ದು ತಿರುಗುತ್ತಿರುವ ರೋಟರಿನ ಜಡತ್ವದಿಂದ ಬಂದಿರಲೇಬೇಕು.

ವಿಚಾರಿಸಿದಾಗ ತಿಳಿದದ್ದು ಇಷ್ಟು. ಮೋಟರಿನ ಬಲವನ್ನು ದ್ರವದ ಮೂಲಕ ದಾಟಿಸುವ ಫ್ಲೂಯಿಡ್ ಕಪ್ಲಿಂಗ್ ಸೋರುತ್ತಿದ್ದುದರಿಂದ ದುರಸ್ತಿಗೆ ಹೋಗಿದ್ದ ಅವಧಿಯಲ್ಲಿ ಅದರ ಜಾಗಕ್ಕೆ ಜಾರಲು ಬಿಡದೆ ನೇರವಾಗಿ ಕೂಡಿಸುವ ಪಿನ್-ಬುಷ್ ಕಪ್ಲಿಂಗ್ ಹಾಕಿ ಕನ್ವೇಯರನ್ನು ಓಡಿಸಲಾಗಿತ್ತು. ಆ ಸಮಯದಲ್ಲೇ ಗಣಿಯ ಚಾವಣಿಯನ್ನು ಹಿಡಿದಿಡುವ ರೂಫ್ ಬೋಲ್ಟಿನ ಒಂದು ತಗಡು ಡ್ರೈವ್ ಹೆಡ್ಡಿನಿಂದ (ಮೋಟರು, ಸ್ಪ್ರಾಕೆಟ್ ಇರುವ ತುದಿಯಿಂದ) ಸ್ವಲ್ಪ ದೂರದಲ್ಲಿ ಬಲ ಅಂಚಿನ ಫ್ಲೈಟಿನ ಕೆಳಗೆ ಸಿಕ್ಕಿ ಸರಪಳಿ ಒಮ್ಮೆಲೇ ನಿಂತಿತ್ತು. ಫ್ಲೂಯಿಡ್ ಕಪ್ಲಿಂಗ್ ಇದ್ದಿದ್ದರೆ ರೋಟರು ಒಳಗಿನ ದ್ರವವನ್ನು ಕಡೆಯುತ್ತಾ ತಿರುಗುತ್ತಿತ್ತು, ಅದರ ಶಕ್ತಿ ಶಾಖವಾಗಿ ಹೋಗುತ್ತಿತ್ತು. ಪಿನ್-ಬುಷ್ ಕಪ್ಲಿಂಗಿನಲ್ಲಿ ಆ ಶಕ್ತಿ ಹೋಗುವುದಕ್ಕೆ ಇರುವ ಒಂದೇ ಜಾಗ ಸರಪಳಿ.

ಲೆಕ್ಕ ಹಾಕಿ ನೋಡಿದೆವು. ರೋಟರು, ಕಪ್ಲಿಂಗ್, ಗೇರ್‌ಬಾಕ್ಸಿನ ವೇಗದ ಗಾಲಿಗಳು ಸೇರಿ ಜಡತ್ವ ಸುಮಾರು 0.4 ಕೆಜಿ-ಚದರ ಮೀಟರ್ ಎಂದು ಹಿಡಿದರೆ ನಿಮಿಷಕ್ಕೆ 1,480 ಸುತ್ತಿನ ವೇಗದಲ್ಲಿ ಅಡಗಿರುವ ಶಕ್ತಿ ಸುಮಾರು 5 ಕಿಲೋಜೂಲ್. ನಮ್ಮ ಗೆರೆಯ ಪ್ರಕಾರ ಸರಪಳಿ 330 ಕಿಲೋನ್ಯೂಟನಿಗೆ ಒಂದೂಕಾಲು ಶೇಕಡಾದಷ್ಟು ಹಿಗ್ಗುತ್ತದೆ. ಸಿಕ್ಕಿಹಾಕಿಕೊಂಡ ಜಾಗಕ್ಕೂ ಸ್ಪ್ರಾಕೆಟಿಗೂ ನಡುವೆ 3 ಮೀಟರ್ ಸರಪಳಿ ಇದ್ದರೆ ಈ 5 ಕಿಲೋಜೂಲನ್ನು ನುಂಗುವಾಗ ಅದರಲ್ಲಿ 300 ಕಿಲೋನ್ಯೂಟನಿನಷ್ಟು ಎಳೆತ ಹುಟ್ಟುತ್ತದೆ, ಅದರ ಮೇಲೆ ಮೋಟರಿನ ಸ್ವಂತ ಎಳೆತವೂ ಸೇರುತ್ತದೆ. ಅದೇ ತಗಡು 30 ಮೀಟರ್ ಆಚೆ ಸಿಕ್ಕಿದ್ದರೆ ಹತ್ತರಷ್ಟು ಉದ್ದದ ಸರಪಳಿ ಹತ್ತರಷ್ಟು ಮೆತ್ತಗಿರುತ್ತದೆ, ಜಡತ್ವದ ಎಳೆತ 95 ಕಿಲೋನ್ಯೂಟನ್ ಕೂಡ ಮುಟ್ಟುವುದಿಲ್ಲ. ಹಿಗ್ಗಿದ ಕೊಂಡಿಗಳು 3 ಮೀಟರಿಗೇ ಸೀಮಿತವಾಗಿದ್ದುದು, ಮೊಣಕೈ 370ರಲ್ಲಿ ಸಿಕ್ಕಿದ್ದು, ತಗಡು ಸಿಕ್ಕಿದ ಜಾಗ, ಮೂರೂ ಒಂದೇ ಕಥೆಯನ್ನು ಹೇಳಿದವು.

ಗಣಿ ಸರಪಳಿಯನ್ನು ಹೀಗೆ ಎಳೆದೆಳೆದು ಪ್ರಶ್ನೆ ಕೇಳುವ ಕೆಲಸಕ್ಕೆ ದೊಡ್ಡ ಪರಂಪರೆಯಿದೆ. ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಕ್ಲಾಸ್ಟಾಲ್ ಗಣಿಗಳಲ್ಲಿ ವಿಲ್ಹೆಲ್ಮ್ ಆಲ್ಬರ್ಟ್ ಎಂಬ ಗಣಿ ಅಧಿಕಾರಿ 1829ರ ಸುಮಾರಿಗೆ ಕಬ್ಬಿಣದ ಸರಪಳಿಗಳಿಗೆ ಮತ್ತೆ ಮತ್ತೆ ಭಾರ ಹಾಕಿ ತೆಗೆಯುವ ಯಂತ್ರ ಮಾಡಿ, ಒಮ್ಮೆಲೇ ಬೀಳುವ ಮಿತಿಮೀರಿದ ಭಾರವಿಲ್ಲದೆಯೂ ಪುನರಾವರ್ತನೆಯಿಂದಲೇ ಕೊಂಡಿ ಮುರಿಯುತ್ತದೆ ಎಂದು ತೋರಿಸಿದ. ಲೋಹದ ದಣಿವಿನ ಬಗ್ಗೆ ದಾಖಲಾದ ಮೊದಲ ಪ್ರಯೋಗಗಳಿವು. 1834ರಲ್ಲಿ ಅವನೇ ಗಣಿಯ ಎತ್ತುಯಂತ್ರಕ್ಕೆ ಸರಪಳಿಯ ಬದಲು ತಂತಿ ಹಗ್ಗ ಬಳಸಿದ. ಇಂದಿನ ಮಾನಕದಲ್ಲೂ ಆ ಪ್ರಶ್ನೆ ಉಳಿದಿದೆ: ಡಿಐಎನ್ 22252ರ ದಣಿವಿನ ಪರೀಕ್ಷೆಯಲ್ಲಿ ಚದರ ಮಿಲಿಮೀಟರಿಗೆ 50 ಮತ್ತು 250 ನ್ಯೂಟನ್‌ಗಳ ನಡುವೆ ಸರಪಳಿಯನ್ನು 70,000 ಬಾರಿ ಎಳೆದು ಬಿಡಬೇಕು. ನಮ್ಮ ಅಳತೆಗೆ ಅದು 25ರಿಂದ 127 ಕಿಲೋನ್ಯೂಟನ್. ಕೈಪಂಪಿನ ಚೌಕಟ್ಟಿನಲ್ಲಿ ಆಗುವ ಕೆಲಸವಲ್ಲ ಅದು. ಹಾಗಾಗಿ ಸವೆದ ಸರಪಳಿಯಲ್ಲಿ ಇನ್ನೆಷ್ಟು ದಣಿವಿನ ಆಯುಸ್ಸು ಉಳಿದಿದೆ ಎಂಬುದರ ಬಗ್ಗೆ ಈ ಪರೀಕ್ಷೆಯಿಂದ ಏನನ್ನೂ ಹೇಳಬಾರದು.

ದುರಸ್ತಿ

ಹಿಗ್ಗಿದ ಬಲಗಡೆಯ 3 ಮೀಟರನ್ನಷ್ಟೇ ಹೊಸದಕ್ಕೆ ಬದಲಿಸುವುದು ಮಿತವ್ಯಯವೆಂದು ತೋರಬಹುದು. ಆದರೆ ಎದುರಿನ ಎಡ ತುಣುಕು 1.7% ಸವೆದಿದೆ, 3 ಮೀಟರಿನಲ್ಲಿ ಅದು 50 ಮಿಲಿಮೀಟರಿಗೂ ಹೆಚ್ಚು. ಹಾಗೆ ಮಾಡಿದರೆ ಓರೆ ಬಲದಿಂದ ಎಡಕ್ಕೆ ತಿರುಗುತ್ತದೆ, ಮೊದಲಿಗಿಂತ ಹೆಚ್ಚೇ ಆಗುತ್ತದೆ. ಆದ್ದರಿಂದ ಎಡಬಲ ಎರಡರಲ್ಲೂ ಎದುರುಬದುರಿನ ತುಣುಕನ್ನು ತೆಗೆದು, ಒಂದೇ ಲಾಟಿನ, ಒಟ್ಟಿಗೆ ಅಳೆದು ಜೊತೆ ಮಾಡಿದ ಎರಡು ತುಂಡುಗಳನ್ನು ಹಾಕಿದೆವು. ಕತ್ತರಿಸಲು ಅಬ್ರೇಸಿವ್ ಚಕ್ರ ಬಳಸಿದೆವು, ಗ್ಯಾಸ್ ಮುಟ್ಟಿಸಲಿಲ್ಲ. ನಿಂತು ಓಡುವ ಕೊಂಡಿಗಳ ಬೆಸುಗೆ ಪ್ಯಾನಿಗೆ ಉಜ್ಜದಂತೆ ಮೇಲ್ಮುಖವಾಗಿರಬೇಕು, ಸರಪಳಿಯಲ್ಲಿ ಎಲ್ಲೂ ತಿರುಚು ಇರಬಾರದು. ಕೂಡಿಸುವ ಕೊಂಡಿಗಳನ್ನು ಎರಡೂ ಕಡೆ ಒಂದೇ ಎದುರಿನಲ್ಲಿ ಇಟ್ಟೆವು. ಸ್ಪ್ರಾಕೆಟಿನ ಗೂಡುಗಳನ್ನು ಹೊಸ ಕೊಂಡಿಯಿಂದಲೇ ತಾಳೆ ನೋಡಿ, ಹಲ್ಲಿನ ಮೊನೆ ಮಡಚಿದ್ದ ಬಲಗಡೆಯ ಸ್ಪ್ರಾಕೆಟನ್ನು ಬದಲಿಸಿದೆವು.

ಫ್ಲೂಯಿಡ್ ಕಪ್ಲಿಂಗ್ ಅದರ ಜಾಗಕ್ಕೆ ಮರಳಿತು. ದ್ರವದ ಮಟ್ಟವನ್ನು ತಯಾರಕರ ಗುರುತಿಗೆ ಸರಿಯಾಗಿ ತುಂಬಿ, ಕಾವೇರಿದಾಗ ಕರಗಿ ದ್ರವವನ್ನು ಬಿಡುವ ಪ್ಲಗ್ ಅಸಲಿಯೇ ಇದೆ, ಅದರ ಜಾಗದಲ್ಲಿ ಬೋಲ್ಟ್ ಕೂತಿಲ್ಲ ಎಂದು ನೋಡಿದ ಮೇಲೆಯೇ ಗಾರ್ಡ್ ಮುಚ್ಚಿದೆವು. ಕಪ್ಲಿಂಗ್ ಇಲ್ಲದ ದಿನ ಕನ್ವೇಯರ್ ನಿಲ್ಲಬೇಕು ಎಂಬುದನ್ನು ಶಿಫ್ಟಿನವರೊಡನೆ ಮಾತಾಡಿ, ಬರಹದಲ್ಲೂ ಇಟ್ಟಿದ್ದೇವೆ. ಉತ್ಪಾದನೆ ನಿಲ್ಲಿಸುವ ಮಾತು ಯಾರಿಗೂ ಹಿತವಲ್ಲ, ಆದರೆ ಕೆಳಗೆ ಆ ಸರಪಳಿಯ ಪಕ್ಕದಲ್ಲಿ ನಡೆಯುವವರು ನಮ್ಮವರೇ.

ಸರಪಳಿ ರಿಜಿಸ್ಟರಿನಲ್ಲಿ ಮೊದಲು ಐದು ಕೊಂಡಿಯ ಉದ್ದಕ್ಕೆ ಒಂದೇ ಅಂಕಣವಿತ್ತು. ಈಗ ಅದರ ಪಕ್ಕದಲ್ಲಿ ಕೂಡುವ ಜಾಗದ ದಪ್ಪ, ನಿಂತ ಕೊಂಡಿಯ ಹೊರ ಉದ್ದ, ಕಾಲುಗಳ ನಡುವಿನ ಅಂತರ ಎಂಬ ಮೂರು ಅಂಕಣ ಸೇರಿವೆ. ಎಡಬಲಗಳನ್ನು ಒಂದೇ ಸಾಲಿನಲ್ಲಿ ಬರೆಯಬೇಕು. ಪಿಚ್ 2.5% ಹೆಚ್ಚಿದರೆ ಸವೆತದ ಲೆಕ್ಕದಲ್ಲಿ ಬದಲಾವಣೆ, ಹೊರ ಉದ್ದ ಅರ್ಧ ಮಿಲಿಮೀಟರ್ ಹೆಚ್ಚಿದರೆ ಪಿಚ್ ಎಷ್ಟೇ ಇದ್ದರೂ ಕನ್ವೇಯರ್ ನಿಲ್ಲಿಸಿ ಡ್ರೈವ್ ಕಡೆಯಿಂದ ತಪಾಸಣೆ ಎಂದು ನಮ್ಮ ಮಟ್ಟಿಗೆ ನಿಯಮ ಮಾಡಿಕೊಂಡಿದ್ದೇವೆ. ಹೊಸ ತುಂಡುಗಳು ಓಡಿ ಕೂತ ಮೇಲೆ ಮೊದಲ ಅಳತೆ ತೆಗೆದಾಗ ಎಡಬಲಗಳ ಐದು ಕೊಂಡಿಯ ಉದ್ದದಲ್ಲಿ ಕ್ಯಾಲಿಪರಿಗೆ ಸಿಗುವ ವ್ಯತ್ಯಾಸ ಇರಲಿಲ್ಲ, ಫ್ಲೈಟುಗಳು ಪ್ಯಾನಿಗೆ ಅಡ್ಡಲಾಗಿ ನೆಟ್ಟಗೆ ಓಡುತ್ತಿವೆ. ಹಿಗ್ಗಿದ ತುಣುಕಿನಲ್ಲಿ ಉಳಿದ ಕೊಂಡಿಗಳನ್ನು ತಗಡಿನ ಚೀಟಿ ಕಟ್ಟಿ ಎಣ್ಣೆ ಹಚ್ಚಿ ಇಟ್ಟಿದ್ದೇವೆ. ಮುಂದೆ ಅವುಗಳನ್ನು ಭುಜದ ಬಳಿ ಸೀಳಿ ಗಡಸುತನವನ್ನು ಒಳಮೈಯಿಂದ ಹೊರಮೈವರೆಗೆ ಅಳೆಯುವ ಕೆಲಸವಿದೆ.